ಮನೆಯ ಕಂಪ್ಯೂಟರಿಗೆ ಯಾವ ಲಿನಕ್ಸ್? ಹಾಕುವ ಮೊದಲು ಸಾಕುವ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನಗೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಈಚೆಗೆ ಅಲ್ಲಿಗೆ ಬರುವವರಲ್ಲಿ ತುಂಬಾ ಜನ ಕೇಳುವುದು ಒಂದೇ. "ಇದಕ್ಕೆ ಲಿನಕ್ಸ್ ಹಾಕಿ ಕೊಡ್ತೀರಾ?" ಲಿನಕ್ಸ್ ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ಓಡಿಸುವ ಇನ್ನೊಂದು ವ್ಯವಸ್ಥೆ. ಕಾರಣ ನಿಮಗೂ ಗೊತ್ತಿರಬಹುದು. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎನ್ನುವ ಭದ್ರತೆಯ ವ್ಯವಸ್ಥೆ ಬೇಕು. ಪ್ರೊಸೆಸರ್ ಇಂಟೆಲಿನದ್ದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಗಟ್ಟಿಮುಟ್ಟಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಇದೊಂದೇ ಕಾರಣಕ್ಕೆ ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ?

ಹಾಕಿ ಕೊಡುತ್ತೇನೆ. ಆದರೆ ಯಾವ ಲಿನಕ್ಸ್ ಎನ್ನುವುದಕ್ಕೆ ಸ್ವಲ್ಪ ಕೂತು ಮಾತಾಡಬೇಕಾಗುತ್ತದೆ. ಲಿನಕ್ಸನ್ನು ಬೇರೆ ಬೇರೆ ತಂಡದವರು ಬೇರೆ ಬೇರೆ ಹೆಸರಿನಲ್ಲಿ ಕಟ್ಟಿ ಕೊಡುತ್ತಾರೆ, ಅಂಥ ಹೆಸರುಗಳು ನೂರಾರು ಇವೆ. ಕೆಲವನ್ನು ಹೊಸಬರಿಗಾಗಿ ಮಾಡಿದ್ದಾರೆ, ಕೆಲವನ್ನು ಪಳಗಿದವರಿಗಾಗಿ. ಹೆಚ್ಚಿನವರು ತಮಗೆ ಕಂಪ್ಯೂಟರ್ ಎಷ್ಟು ಗೊತ್ತು ಎಂದು ನೋಡಿ ಆರಿಸುತ್ತಾರೆ. ನಾನು ಮಾತ್ರ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಇದು ಕೆಟ್ಟು ಕೂತ ದಿನ ಅದರ ಎದುರು ಯಾರು ಕೂರುತ್ತಾರೆ? ಲಿನಕ್ಸನ್ನು ಹಾಕುವುದು ಬೇರೆ, ಸಾಕುವುದು ಬೇರೆ.

ಮೊದಲು ಮನೆಯವರನ್ನು ನೋಡಿ

ಕಾಸರಗೋಡಿನ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಶಾಲೆಯ ಚೀಲ ಹಾಕಿಕೊಂಡು ಓಡಾಡುತ್ತಿರುತ್ತದೆ.

ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. ಕೆಲವೇ ವರ್ಷಗಳಲ್ಲಿ ಶಾಲೆಯ ಕಂಪ್ಯೂಟರ್ ಪಾಠ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ತಂತ್ರಾಂಶಕ್ಕೆ ಬದಲಾಯಿತು. 2017ರಲ್ಲಿ ಅದೇ ಯೋಜನೆ ಕೈಟ್ ಎನ್ನುವ ಸರಕಾರಿ ಸಂಸ್ಥೆಯಾಯಿತು. ಶಾಲೆಯ ಲ್ಯಾಬಿನಲ್ಲಿ ಇವತ್ತು ಓಡುವ ಕೈಟ್ ಗ್ನೂ ಲಿನಕ್ಸನ್ನು ಕಟ್ಟಿರುವುದು ಉಬುಂಟು ಎನ್ನುವ ಲಿನಕ್ಸಿನ ಮೇಲೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ, ಅಂದರೆ ಕಂಪ್ಯೂಟರ್ ವಿಷಯದ ಪಾಠಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ ಇವೆಲ್ಲ ಅವರಿಗೆ ಪರಿಚಯದ ಹೆಸರುಗಳು. ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ ಕ್ಲಬ್ಬಿಗೆ ಸೇರಿದ ಮಕ್ಕಳಿಗಂತೂ ಇನ್ನೂ ಜಾಸ್ತಿ ಗೊತ್ತಿರುತ್ತದೆ.

ನೀರ್ಚಾಲಿನ ಕಡೆಯ ಕೃಷಿಕರೊಬ್ಬರು ಒಂಬತ್ತನೇ ಕ್ಲಾಸಿನ ಮಗಳ ಜೊತೆ ಬಂದಿದ್ದರು. ಮಿಂಟ್ ಎನ್ನುವ ಲಿನಕ್ಸ್ ಹಾಕಿದ ಲ್ಯಾಪ್‌ಟಾಪನ್ನು ತೆರೆದು ತೋರಿಸಿದೆ. ಅವರು ಸ್ವಲ್ಪ ಹೆದರಿದ ಹಾಗೆ ಕಂಡರು. ಮಗಳು ಮೌಸ್ ಹಿಡಿದು ಎರಡು ನಿಮಿಷ ಅಲ್ಲಿ ಇಲ್ಲಿ ಒತ್ತಿ ನೋಡಿದಳು. "ಅಪ್ಪ, ಇದು ನಮ್ಮ ಶಾಲೆಯದ್ದರ ಹಾಗೇ ಇದೆ. ನಾನು ಹೇಳಿಕೊಡ್ತೇನೆ" ಅಂದಳು. ಆ ಮನೆಗೆ ಬೇರೆ ಯಾವುದನ್ನೂ ಯೋಚಿಸಬೇಕಾಗಿರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಇದು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಹತ್ತಿರದ ಶಾಲೆಯ ಮಾಷ್ಟ್ರಿಗೆ ಯಾವುದು ಗೊತ್ತಿದೆಯೋ ಅದೇ ಕುಟುಂಬದ ಲಿನಕ್ಸ್ ಆರಿಸಿ. ನಮ್ಮ ಜಿಲ್ಲೆಯಲ್ಲಿ ಅದು ಡೆಬಿಯನ್ ಮತ್ತು ಉಬುಂಟು ಕುಟುಂಬ. ಉಬುಂಟು ಹುಟ್ಟಿದ್ದು ಡೆಬಿಯನ್‌ನಿಂದ, ಮಿಂಟ್ ಮತ್ತು ಜೋರಿನ್ ಹುಟ್ಟಿದ್ದು ಉಬುಂಟುವಿನಿಂದ. ಒಂದರಲ್ಲಿ ಕೈ ಪಳಗಿದರೆ ಇನ್ನೊಂದು ಕಷ್ಟವಾಗುವುದಿಲ್ಲ.

ಬಿಡಲಾಗದ ಕೆಲಸಗಳನ್ನು ಬರೆದುಕೊಳ್ಳಿ

ಒಂದು ಕಾಗದ ತೆಗೆದುಕೊಳ್ಳಿ. ಕಳೆದ ಒಂದು ತಿಂಗಳಲ್ಲಿ ಈ ಕಂಪ್ಯೂಟರಿನಲ್ಲಿ ಏನೇನು ಮಾಡಿದಿರಿ ಎಂದು ಬರೆಯಿರಿ. ಬ್ರೌಸರಿನಲ್ಲಿ ಆಗುವ ಕೆಲಸಗಳಿಗೆಲ್ಲ ಗೀಟು ಹಾಕಿ, ಅವು ಎಲ್ಲಿದ್ದರೂ ನಡೆಯುತ್ತವೆ. ಪತ್ರ, ಲೆಕ್ಕದ ಹಾಳೆ, ಸಿನಿಮಾ, ಹಾಡು, ಫೋಟೋ ಇವಕ್ಕೂ ಗೀಟು ಹಾಕಿ.

ಉಳಿದದ್ದನ್ನು ಎಚ್ಚರಿಕೆಯಿಂದ ನೋಡಿ. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು ವಿಂಡೋಸ್ ಬಿಡಬೇಡಿ, ಟ್ಯಾಲಿಯನ್ನು ಮಾಡಿರುವುದೇ ವಿಂಡೋಸಿಗೆ. ಆಮಂತ್ರಣ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ಫೋಟೋಶಾಪ್, ಪೇಜ್‌ಮೇಕರನ್ನು ನಂಬಿಕೊಂಡಿದ್ದರೆ ಅವರಿಗೂ ಇದೇ ಮಾತು. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದನ್ನು ಪರೀಕ್ಷೆ ಮಾಡಿ ನೋಡದೆ ಬದಲಾಯಿಸಬೇಡಿ. ಇಂಥವರಿಗೆ ನಾನು ಲಿನಕ್ಸ್ ಹಾಕಿ ಕೊಡುವುದಿಲ್ಲ, ಅಥವಾ ಎರಡನ್ನೂ ಇಟ್ಟುಕೊಡುತ್ತೇನೆ.

ಪ್ರಿಂಟರ್ ಬಗ್ಗೆ ಜಾಸ್ತಿ ಹೇಳಬೇಕು. ಸಣ್ಣ ಆಫೀಸು, ಅಂಗಡಿಗಳಲ್ಲಿ ಕ್ಯಾನನ್ ಎಲ್‌ಬಿಪಿ 2900 ತುಂಬಾ ಕಾಣುತ್ತದೆ. ಅದು ಕ್ಯಾಪ್ಟ್ ಎನ್ನುವ, ಆ ಕಂಪೆನಿಯದ್ದೇ ಆದ ಭಾಷೆಯಲ್ಲಿ ಮಾತ್ರ ಮಾತಾಡುತ್ತದೆ. ಲಿನಕ್ಸಿನಲ್ಲಿ ಅದನ್ನು ಓಡಿಸುವುದು ಹೊಸಬರ ಕೆಲಸವಲ್ಲ. ಎಚ್‌ಪಿಯ ಹೆಚ್ಚಿನ ಪ್ರಿಂಟರುಗಳಿಗೆ ಎಚ್‌ಪಿಲಿಪ್ ಎನ್ನುವ ತಂತ್ರಾಂಶ ಇದೆ, ತೊಂದರೆ ಕಡಿಮೆ. ಲೇಸರ್‌ಜೆಟ್ 1020ರಂಥ ಹಳೆಯ ಮಾದರಿಗೆ ಅದರ ಜೊತೆ ಒಂದು ಪ್ಲಗಿನ್ ಕೂಡ ಇಳಿಸಬೇಕಾಗುತ್ತದೆ, ಅಷ್ಟೆ.

ಯಂತ್ರದ ಶಕ್ತಿ ನೋಡಿ

ಇದನ್ನು ಬೇಗ ಮುಗಿಸಬಹುದು. ರ್‍ಯಾಮ್ 8 ಜಿಬಿ ಇದ್ದರೆ ಯಾವುದು ಬೇಕಾದರೂ ಓಡುತ್ತದೆ. ಮಿಂಟಿನ ಪರದೆ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ. 4 ಜಿಬಿಗೆ ಸಿನಮನ್ ಎನ್ನುವ ರೂಪ ನಡೆಯುತ್ತದೆ, ಎಕ್ಸ್‌ಎಫ್‌ಸಿಇ ಇನ್ನೂ ಹಗುರ. 2 ಜಿಬಿಯಲ್ಲಿ ಎಕ್ಸ್‌ಎಫ್‌ಸಿಇ ಹಾಕಬಹುದು, ಆದರೆ ಬ್ರೌಸರಿನಲ್ಲಿ ಐದಾರು ಪುಟ ತೆರೆದರೆ ಉಸಿರು ಕಟ್ಟುತ್ತದೆ. ಯಂತ್ರ 32 ಬಿಟ್ಟಿನದ್ದಾದರೆ ದಾರಿಗಳು ಮುಚ್ಚುತ್ತಾ ಬಂದಿವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಮಾಮೂಲು ಕಂಪ್ಯೂಟರಿಗೆ ಇನ್‌ಸ್ಟಾಲರೇ ಇಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಯಾವ ಲಿನಕ್ಸ್ ಆರಿಸಿದಿರಿ ಎನ್ನುವುದಕ್ಕಿಂತ ಅದು ಕೊಡುವ ವೇಗ ಜಾಸ್ತಿ.

ಸುಲಭದ್ದು, ನಡುವಿನದ್ದು, ಕಷ್ಟದ್ದು

ಹೊಸಬರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಲಿನಕ್ಸ್ ಮಿಂಟ್. 2006ರಿಂದ ಇದೆ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದವರ ಕಣ್ಣಿಗೆ ಹೊಸತು ಅನ್ನಿಸುವುದಿಲ್ಲ. ಮಿಂಟ್ 22ರ ಸಾಲಿನ ಆವೃತ್ತಿಗಳು ಉಬುಂಟು 24.04ರ ಮೇಲೆ ನಿಂತಿವೆ, ಅವಕ್ಕೆ 2029ರವರೆಗೆ ಬೆಂಬಲ ಇದೆ. ಉಬುಂಟುವನ್ನೇ ನೇರವಾಗಿ ಹಾಕಬಹುದು. ಆದರೆ ಅದರ ಪರದೆಯ ರೂಪ ಬೇರೆ ಥರ, ಎಡಗಡೆ ಉದ್ದಕ್ಕೆ ಐಕಾನ್ ಸಾಲು. ಮಕ್ಕಳಿಗೆ ಇಷ್ಟವಾಗುತ್ತದೆ, ಹಿರಿಯರಿಗೆ ನಾಲ್ಕು ದಿನ ಬೇಕು. ನೋಡಲು ಚಂದ ಇರಬೇಕು ಅನ್ನುವವರಿಗೆ ಜೋರಿನ್ ಇದೆ.

ನಡುವಿನ ಮೆಟ್ಟಿಲಲ್ಲಿ ಡೆಬಿಯನ್ ಮತ್ತು ಫೆಡೋರಾ. 1993ರಲ್ಲಿ ಶುರುವಾದ ಡೆಬಿಯನ್ ಒಮ್ಮೆ ಸರಿಯಾಗಿ ಕೂತರೆ ವರ್ಷಗಟ್ಟಲೆ ಅಲುಗಾಡುವುದಿಲ್ಲ. ಕೂರಿಸುವಾಗ ಮಾತ್ರ ಕೇಳುವ ಪ್ರಶ್ನೆಗಳು ಜಾಸ್ತಿ. ಫೆಡೋರಾ ಸುಮಾರು ಆರು ತಿಂಗಳಿಗೊಂದು ಹೊಸ ಆವೃತ್ತಿ ತರುತ್ತದೆ, ಒಂದೊಂದಕ್ಕೂ ಬೆಂಬಲ ಸುಮಾರು 13 ತಿಂಗಳು. ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್ ಮಾಡಲು ನೀವು ಸಿದ್ಧ ಇರಬೇಕು.

ಮೇಲಿನ ಮೆಟ್ಟಿಲಲ್ಲಿ ಆರ್ಚ್, ಜೆಂಟೂ, ನಿಕ್ಸ್‌ಓಎಸ್. ಜೆಂಟೂದಲ್ಲಿ ಹೆಚ್ಚಿನ ತಂತ್ರಾಂಶಗಳನ್ನು ಮೂಲ ಕೋಡಿನಿಂದ ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುವುದು ವಾಡಿಕೆ. ನಿಕ್ಸ್‌ಓಎಸ್‌ನಲ್ಲಿ ಇಡೀ ಸಿಸ್ಟಮ್ ಹೇಗಿರಬೇಕು ಎಂದು ಕಡತದಲ್ಲಿ ಬರೆದು ಕೊಡಬೇಕು. ಆರ್ಚ್ 2002ರಿಂದ ಇದೆ, ಅದು ರೋಲಿಂಗ್ ಪದ್ಧತಿಯದ್ದು. ಆವೃತ್ತಿ ಸಂಖ್ಯೆ ಅಂತ ಇಲ್ಲ, ಹೊಸದು ಬಂದ ಹಾಗೆ ಬರುತ್ತಲೇ ಇರುತ್ತದೆ. ಅದರ ವಿಕಿ ಬಹಳ ಒಳ್ಳೆಯದು, ಬೇರೆ ಲಿನಕ್ಸ್ ಬಳಸುವವರೂ ಅದನ್ನು ತೆರೆದು ಓದುತ್ತಾರೆ.

ಆರ್ಚನ್ನು ಹಾಕಲು ಈಗ ಸಹಾಯಕ ಸ್ಕ್ರಿಪ್ಟ್ ಇದೆ. ಆರ್ಚ್ ಆಧಾರದ ಎಂಡೆವರ್‌ಓಎಸ್, ಮಂಜಾರೊಗಳಲ್ಲಂತೂ ಮೌಸಿನಿಂದಲೇ ಒತ್ತುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲೇ ಹುಡುಗರು ಮೋಸಹೋಗುವುದು. ಅರ್ಧ ಗಂಟೆಯಲ್ಲಿ ಹಾಕಿದ್ದನ್ನು ಅರ್ಧ ಗಂಟೆಯಲ್ಲಿ ಸಾಕಲು ಆಗುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರ ಹುಡುಗನೊಬ್ಬ ಮನೆಯ ಒಂದೇ ಒಂದು ಕಂಪ್ಯೂಟರಿಗೆ ಇಂಥದ್ದೇ ಒಂದು ರೋಲಿಂಗ್ ಸಿಸ್ಟಮ್ ಹಾಕಿ ಮಂಗಳೂರಿನ ಹಾಸ್ಟೆಲಿಗೆ ಹೋದ. ತುಂಬಾ ಚುರುಕಿನ ಹುಡುಗ. ಮನೆಯಲ್ಲಿ ಅವನ ಅಪ್ಪ ತಿಂಗಳಿಗೊಮ್ಮೆ ಏನೋ ಅರ್ಜಿ ತುಂಬಲು ಅದನ್ನು ತೆರೆಯುತ್ತಿದ್ದರು, ಅಷ್ಟೆ. ಅಕ್ಟೋಬರಿನಲ್ಲಿ ಒಂದು ಸಂಜೆ ಅಪ್‌ಡೇಟ್ ಮಾಡಿ ಅಂತ ಮಗ ಫೋನಿನಲ್ಲಿ ಹೇಳಿದ. ಆರು ತಿಂಗಳ ಅಪ್‌ಡೇಟ್ ಒಟ್ಟಿಗೆ ಇಳಿಯತೊಡಗಿತು. ಆ ತಿಂಗಳ ಸಂಜೆಗಳು ನಮ್ಮಲ್ಲಿ ಹೇಗಿರುತ್ತವೆ ಅಂತ ಗೊತ್ತಲ್ವಾ? ಗುಡುಗು ಶುರುವಾಯಿತು, ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಮರುದಿನ ಯಂತ್ರ ಕಪ್ಪು ಪರದೆಯಲ್ಲಿ ನಿಂತಿತು. ಹುಡುಗನಿಗೆ ಪರೀಕ್ಷೆ, ಊರಿಗೆ ಬರುವ ಹಾಗಿಲ್ಲ. ಅಪ್ಪ ಅದನ್ನು ಬೈಕಿನಲ್ಲಿ ಕಟ್ಟಿಕೊಂಡು ನನ್ನಲ್ಲಿಗೆ ಬಂದರು.

ಹೀಗೆ ಯಾಕಾಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಕರ್ನೆಲ್ ಅಂದರೆ ಸಿಸ್ಟಮ್ಮಿನ ಹೃದಯ. ಉಬುಂಟು, ಮಿಂಟ್, ಫೆಡೋರಾ ಹೊಸ ಕರ್ನೆಲ್ ಹಾಕುವಾಗ ಹಳೆಯದ್ದನ್ನು ಕೂಡಲೇ ತೆಗೆಯುವುದಿಲ್ಲ. ಹೊಸದು ಅರ್ಧಕ್ಕೆ ನಿಂತರೆ ಶುರುವಿನ ಗ್ರಬ್ ಮೆನುವಿನಿಂದ ಹಳೆಯದ್ದನ್ನು ಆರಿಸಿ ಒಳಗೆ ಹೋಗಬಹುದು. ಆರ್ಚ್ ಮಾದರಿಯಲ್ಲಿ ಹೊಸದು ಹಳೆಯದರ ಜಾಗದಲ್ಲೇ ಕೂರುತ್ತದೆ. ಎಲ್‌ಟಿಎಸ್ ಎನ್ನುವ, ದೀರ್ಘ ಬೆಂಬಲದ ಕರ್ನೆಲನ್ನು ನೀವೇ ಬೇರೆಯಾಗಿ ಹಾಕಿ ಇಟ್ಟಿರದಿದ್ದರೆ ಆ ಮೆನುವಿನಲ್ಲಿ ವಾಪಸ್ ಹೋಗಲು ಬಾಗಿಲಿಲ್ಲ. ಇನ್ನೊಂದು ವಿಷಯವೂ ಇದೆ. ಅಲ್ಲಿ ತಂತ್ರಾಂಶಗಳಿಗೆ ಸಹಿ ಹಾಕುವ ಕೀಲಿಗಳು ಆಗಾಗ ಬದಲಾಗುತ್ತವೆ. ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದಿದ್ದರೆ ಸಹಿ ಹೊಂದುವುದಿಲ್ಲ ಎಂಬ ತಕರಾರು ಬರುತ್ತದೆ. ಮೊದಲು ಕೀಲಿಗಳನ್ನು ಹೊಸದು ಮಾಡಿಕೊಂಡು ಆಮೇಲೆ ಉಳಿದದ್ದನ್ನು ಮಾಡಬೇಕು. ಗೊತ್ತಿದ್ದವರಿಗೆ ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ಗೋಡೆ.

ಇಂಟರ್‌ನೆಟ್ಟಿನ ಲೆಕ್ಕವೂ ಇದೆ. ಪೇಟೆಯಲ್ಲಿ ಫೈಬರ್ ಇದೆ, ಸರಿ. ಒಳಗಿನ ಗುಡ್ಡದ ಮನೆಗಳಲ್ಲಿ ಈಗಲೂ ಜಗಲಿಯ ಮೂಲೆಗೆ ಹೋದರೆ ಮಾತ್ರ ರೇಂಜ್ ಸಿಗುತ್ತದೆ. ರೋಲಿಂಗ್ ಸಿಸ್ಟಮ್ಮಿಗೆ ಆಗಾಗ ನೂರಾರು ಎಂಬಿ, ಕೆಲವೊಮ್ಮೆ ಜಿಬಿಗಟ್ಟಲೆ ಇಳಿಸಬೇಕು. ದಿನದ ಡೇಟಾ ಅದಕ್ಕೇ ಮುಗಿಯುತ್ತದೆ.

ಕಾಲಿ ಲಿನಕ್ಸ್ ಬೇಕು ಅಂತ ಕೇಳುವ ಕಾಲೇಜು ಮಕ್ಕಳಿಗೂ ಒಂದು ಮಾತು. ಅದು ನೆಟ್‌ವರ್ಕ್ ಭದ್ರತೆಯ ಪರೀಕ್ಷೆ ಮಾಡುವವರ ಸಲಕರಣೆ ಪೆಟ್ಟಿಗೆ. ಲಿನಕ್ಸಿಗೆ ಹೊಸಬರಾದವರು ಅದನ್ನು ಮಾಮೂಲಿ ಡೆಸ್ಕ್‌ಟಾಪಾಗಿ ಬಳಸುವುದು ಬೇಡ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಸುಮ್ನೆ ಹೆಸರು ಕೇಳಿ ಹಾಕಿಕೊಳ್ಳಬೇಡಿ.

ಹಾಕುವ ಮೊದಲು ಓಡಿಸಿ ನೋಡಿ

ಲಿನಕ್ಸಿನ ದೊಡ್ಡ ಸೌಕರ್ಯ ಇದು. ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸದೆ ಪೆನ್‌ಡ್ರೈವಿನಿಂದಲೇ ಓಡಿಸಬಹುದು. 8 ಜಿಬಿಯ ಪೆನ್‌ಡ್ರೈವ್ ಸಾಕು. ಮಿಂಟನ್ನು ಪೂರ್ತಿ ಒಳಗಿಟ್ಟುಕೊಂಡ ಐಎಸ್‌ಒ ಕಡತ 3 ಜಿಬಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ಮಿಂಟಿನ ಸ್ವಂತ ತಾಣದಿಂದಲೇ ಇಳಿಸಿ. ಕಡತ ಸರಿಯಾಗಿದೆಯೇ ಎಂದು ತಿಳಿಯಲು ಅದರ ಶಾ256 ಮೊತ್ತ ಎನ್ನುವ ಗುರುತಿನ ಸಂಖ್ಯೆಯನ್ನು ಅಲ್ಲೇ ಕೊಟ್ಟಿರುವುದರ ಜೊತೆ ಹೋಲಿಸಿ ನೋಡಿ. ನಮ್ಮ ಕಡೆ ಇಳಿಸುವಾಗ ನೆಟ್ ಕಡಿದು ಕಡತ ಹಾಳಾಗುವುದು ಮಾಮೂಲು, ಇನ್‌ಸ್ಟಾಲ್ ಅರ್ಧದಲ್ಲಿ ನಿಂತ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ. ಪೆನ್‌ಡ್ರೈವಿಗೆ ಬರೆಯಲು ರೂಫಸ್ ಅಥವಾ ಬಲೇನಾ ಎಚರ್ ಬಳಸಿ. ಮೂರು ನಾಲ್ಕು ಲಿನಕ್ಸ್ ಒಟ್ಟಿಗೆ ನೋಡಬೇಕೆಂದರೆ ವೆಂಟಾಯ್ ಹಾಕಿ, ಕಡತಗಳನ್ನು ಸುಮ್ಮನೆ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಆಯಿತು. ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಯಂತ್ರ ಆನ್ ಆಗುವಾಗ ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಶುರುಮಾಡಬೇಕು ಎಂದು ಕೇಳುವ ಬೂಟ್ ಮೆನು ಬರುತ್ತದೆ. ಪೆನ್‌ಡ್ರೈವ್ ಆರಿಸಿ.

ಪರದೆ ಬಂದ ಮೇಲೆ ಅವಸರ ಮಾಡಬೇಡಿ. ಒಂದು ಸಂಜೆ ಪೂರ್ತಿ ಅದರಲ್ಲೇ ಕೆಲಸ ಮಾಡಿ. ವೈಫೈ ಸಿಗುತ್ತದೆಯಾ? ಹಾಡು ಕೇಳುತ್ತದೆಯಾ? ಕ್ಯಾಮೆರಾ ಬರುತ್ತದೆಯಾ? ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದೆಯಾ? ಪ್ರಿಂಟರ್ ಜೋಡಿಸಿ ಒಂದು ಹಾಳೆ ಪ್ರಿಂಟ್ ತೆಗೆಯಿರಿ. ವೈಫೈ ಕಾಣದಿದ್ದರೆ ಹೆದರಬೇಡಿ. ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರುತ್ತದೆ. ಆಮೇಲೆ ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರನ್ನು ಅದೇ ಹುಡುಕಿ ಕೊಡುವುದುಂಟು. ಪೆನ್‌ಡ್ರೈವಿನಿಂದ ಓಡುವಾಗ ಎಲ್ಲ ಸ್ವಲ್ಪ ನಿಧಾನ. ಆ ನಿಧಾನ ಲಿನಕ್ಸಿನದ್ದಲ್ಲ, ಪೆನ್‌ಡ್ರೈವಿನದ್ದು.

ಬ್ಯಾಕಪ್, ಆಮೇಲೆ ಇನ್‌ಸ್ಟಾಲ್

ಅಂಗಡಿ ಶುರು ಮಾಡಿದ ಹೊಸತರಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. "ಫೋಟೋ ಎಲ್ಲ ಡಿ ಡ್ರೈವಿನಲ್ಲಿದೆ, ಅದನ್ನು ಮುಟ್ಟಬೇಡಿ" ಅಂತ ಒಬ್ಬರು ಹೇಳಿದ್ದರು. ಆ ಯಂತ್ರದಲ್ಲಿ ಎರಡು ಡಿಸ್ಕ್ ಇದೆ, ಡಿ ಅಂದರೆ ಇನ್ನೊಂದು ಡಿಸ್ಕ್ ಅಂತ ನಾನು ಎಣಿಸಿದೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲು ಆಗಿದ್ದವು. ಇಡೀ ಡಿಸ್ಕ್ ಅಳಿಸಿ ಹಾಕುವ ಆಯ್ಕೆಯನ್ನು ಒತ್ತಿದೆ. ಮನೆ ಒಕ್ಕಲಿನ ಫೋಟೋಗಳು, ತೀರಿಹೋದ ಅವರ ಅಮ್ಮನ ಫೋಟೋಗಳು. ಎರಡು ದಿನ ಕೂತು ಸ್ವಲ್ಪ ಹಿಂದಕ್ಕೆ ತೆಗೆದೆ, ಪೂರ್ತಿ ಆಗಲಿಲ್ಲ. ಆ ಮುಖ ಇವತ್ತಿಗೂ ಮರೆತಿಲ್ಲ.

ಅಂದಿನಿಂದ ನನ್ನದು ಒಂದೇ ನಿಯಮ. ಬೇಕಾದದ್ದೆಲ್ಲ ಹೊರಗಿನ ಡಿಸ್ಕಿಗೆ ಹೋಗಬೇಕು. ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಮೂರು ನಾಲ್ಕು ಕಡತ ತೆರೆದು ನೋಡಬೇಕು. ಅಲ್ಲಿಯವರೆಗೆ ಇನ್‌ಸ್ಟಾಲ್ ಬಟನ್ ಮುಟ್ಟುವಂತಿಲ್ಲ.

ವಿಂಡೋಸನ್ನೂ ಉಳಿಸಿಕೊಳ್ಳುವವರು ಇನ್ನೆರಡು ಕೆಲಸ ಮಾಡಿ. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅದರ ಡಿಸ್ಕಿಗೆ ಲಿನಕ್ಸಿನಿಂದ ಏನೂ ಬರೆಯಲು ಆಗುವುದಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ನಮಗೆ ಗೊತ್ತಿಲ್ಲದೇ ಆನ್ ಆಗಿರಬಹುದು. ಅದರ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್‌ಸ್ಟಾಲಿಗೆ ಬೆಳಗ್ಗಿನ ಹೊತ್ತು ಒಳ್ಳೆಯದು, ಮಳೆಗಾಲದ ಸಂಜೆ ಬೇಡ. ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ. ಡೆಸ್ಕ್‌ಟಾಪಾದರೆ ಯುಪಿಎಸ್ ಇರುವ ಮನೆಗೆ ಒಯ್ಯಿರಿ. ಮುಗಿದ ಕೂಡಲೇ ಮಿಂಟಿನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್ಮಿನ ಆ ಹೊತ್ತಿನ ನಕಲು, ತೆಗೆಯುವ ಹಾಗೆ ಇಡಿ. ಮುಂದೆ ಅಪ್‌ಡೇಟಿನಿಂದ ಏನಾದರೂ ಕೆಟ್ಟರೆ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್ಮನ್ನು, ನಿಮ್ಮ ಫೋಟೋಗಳನ್ನಲ್ಲ. ಅವಕ್ಕೆ ಹೊರಗಿನ ಡಿಸ್ಕೇ ಗತಿ.

ಕನ್ನಡ, ಮಲಯಾಳ ಎರಡೂ ಬೇಕಲ್ವಾ

ಗಡಿಯ ಈಚೆ ಇರುವ ನಮಗೆ ಒಂದೇ ಭಾಷೆಯ ಟೈಪಿಂಗ್ ಸಾಲದು. ಪತ್ರ ಕನ್ನಡದಲ್ಲಿ, ಎಷ್ಟೋ ಅರ್ಜಿಗಳು ಮಲಯಾಳದಲ್ಲಿ. ಲಿನಕ್ಸಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ.

ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹುಡುಕಿ ಹಾಕಿ. ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಐಬಸ್ ಸೆಟ್ಟಿಂಗಿನಲ್ಲಿ ಕನ್ನಡಕ್ಕೆ ಕಗಪ ಸೇರಿಸಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಇದು, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಬೇಗ ಹೊಂದುತ್ತದೆ. ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸೇರಿಸಿ. ವಿಂಡೋಸ್ ಗುರುತಿನ ಕೀ ಒತ್ತಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಅಲ್ಲಿಂದ ಮಲಯಾಳಕ್ಕೆ ಬದಲಾಗುತ್ತದೆ. ಫಾಂಟಿಗೆ ಕನ್ನಡದ ಗುಬ್ಬಿ, ನವಿಲು, ಲೋಹಿತ್ ಇವೆ. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ತಂಡದ ಮೀರ, ರಚನ, ಮಂಜರಿ ಇವೆ. ಎಲ್ಲ ಉಚಿತ.

ಹಳೆಯ ನುಡಿ ಕಡತಗಳ ಬಗ್ಗೆ ಎಚ್ಚರ. ಯುನಿಕೋಡ್ ಬರುವ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ್ದು ಲಿನಕ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ವಿಂಡೋಸ್ ಇನ್ನೂ ಇರುವಾಗಲೇ ಅವನ್ನು ನುಡಿಯ ಪರಿವರ್ತಕದಿಂದ ಯುನಿಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳಿ. ಯಕ್ಷಗಾನ ಪ್ರಸಂಗಗಳನ್ನು ವರ್ಷಗಟ್ಟಲೆ ಟೈಪ್ ಮಾಡಿ ಇಟ್ಟವರು ನಮ್ಮಲ್ಲಿ ಇದ್ದಾರೆ. ಅಂಥವರು ಇದನ್ನು ಮೊದಲ ಕೆಲಸ ಅಂತ ಮಾಡಬೇಕು.

ಕಲಿಯುವ ಆಸೆ ಇದ್ದವರಿಗೆ

ಆರ್ಚ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆಯವರೆಲ್ಲ ನಂಬಿಕೊಂಡಿರುವ ಯಂತ್ರದಲ್ಲಿ ಬೇಡ ಅನ್ನುತ್ತೇನೆ. ಡಿಸ್ಕನ್ನು ಕೈಯಾರೆ ಪಾಲು ಮಾಡಿ, ಸಿಸ್ಟಮ್ಮನ್ನು ಶುರುಮಾಡುವ ಬೂಟ್‌ಲೋಡರ್ ಕೂರಿಸಿ, ಕಪ್ಪು ಪರದೆಯಿಂದ ಡೆಸ್ಕ್‌ಟಾಪಿನವರೆಗೆ ಒಂದೊಂದೇ ಮೆಟ್ಟಿಲು ಹತ್ತಿದಾಗ ಸಿಗುವ ತಿಳಿವಳಿಕೆ ಬೇರೆ ಎಲ್ಲೂ ಸಿಗುವುದಿಲ್ಲ. ನಾನು ರಿಪೇರಿ ಕಲಿತದ್ದರಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು.

8 ಜಿಬಿ ರ್‍ಯಾಮ್ ಇದ್ದರೆ ಮಿಂಟಿನ ಒಳಗೇ ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಿ, ಅದು ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ಅದರಲ್ಲಿ ಮೊದಲು ಡೆಬಿಯನ್ನನ್ನು ಡೆಸ್ಕ್‌ಟಾಪ್ ಇಲ್ಲದೆ ಹಾಕಿ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲೇ ಒಂದು ವಾರ ಇರಿ. ಆಮೇಲೆ ಆರ್ಚನ್ನು ಸಹಾಯಕ ಸ್ಕ್ರಿಪ್ಟ್ ಮುಟ್ಟದೆ ವಿಕಿ ಓದಿಕೊಂಡು ಹಾಕಿ. ಮೊದಲ ಸಲ ಒಂದು ದಿನ ಬೇಕಾಗಬಹುದು. ಮೂರನೇ ಸಲಕ್ಕೆ ಒಂದು ಗಂಟೆ. ಅದರ ಮುಖಪುಟದ ಸುದ್ದಿಯನ್ನು ಪ್ರತಿ ಅಪ್‌ಡೇಟಿಗೆ ಮೊದಲು ಓದುವ ಅಭ್ಯಾಸ ಮಾಡಿ, ಕೈಯಾರೆ ಏನಾದರೂ ಮಾಡಬೇಕಿದ್ದರೆ ಅಲ್ಲಿ ಹೇಳಿರುತ್ತಾರೆ. ಎರಡು ಮೂರು ತಿಂಗಳು ಬಿಡದೆ ಹೀಗೆ ಸಾಕಿ ನೋಡಿ. ಬೇಸರ ಬರದಿದ್ದರೆ ನಿಮ್ಮ ಸ್ವಂತ ಲ್ಯಾಪ್‌ಟಾಪಿಗೆ ಧೈರ್ಯವಾಗಿ ಹಾಕಿ, ಎಲ್‌ಟಿಎಸ್ ಕರ್ನೆಲನ್ನು ಜೊತೆಗಿಟ್ಟು.

ಕೊನೆಯದಾಗಿ ಒಂದು ಚೀಟಿ

ಅಂಗಡಿಯಿಂದ ಹೊರಡುವ ಪ್ರತಿ ಯಂತ್ರದ ಅಡಿಗೆ ನಾನು ಒಂದು ಚೀಟಿ ಅಂಟಿಸುತ್ತೇನೆ. ನೀವೇ ಹಾಕಿಕೊಂಡರೆ ನೀವೂ ಅಂಟಿಸಿ. ಅದರಲ್ಲಿ ನಾಲ್ಕು ಸಾಲು ಸಾಕು. ಯಾವ ಲಿನಕ್ಸ್, ಯಾವ ಆವೃತ್ತಿ. ಹಾಕಿದ ದಿನ. ಬೆಂಬಲ ಮುಗಿಯುವ ವರ್ಷ. ಕೆಟ್ಟರೆ ಮೊದಲು ಯಾರನ್ನು ಕರೆಯಬೇಕು. ನೀರ್ಚಾಲಿನ ಆ ಲ್ಯಾಪ್‌ಟಾಪಿನ ಚೀಟಿಯಲ್ಲಿ ನಾಲ್ಕನೇ ಸಾಲನ್ನು ಆ ಹುಡುಗಿಯೇ ಪೆನ್ನು ಕೇಳಿ ಬರೆದಳು. ಅವಳದ್ದೇ ಹೆಸರು.